ಮಾರಬಾರದ್ದನ್ನು ಕೊಳ್ಳಬಹುದೇ?

ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ ಬೇಸಿಗೆಯಲ್ಲಿ ಬಂದವರು ಕೋಟೆಗೋಡೆ ಹತ್ತದೆ ಹಿಂದಿರುಗುವುದಿಲ್ಲ. ಸುಮಾರು 1,940 ಮೀಟರ್ ಉದ್ದದ ಗೋಡೆಯ ಮೇಲೆ ಒಂದು ಸುತ್ತು ಬಂದರೆ ಒಂದು ಮಗ್ಗುಲಿಗೆ ಏಡ್ರಿಯಾಟಿಕ್ ಕಡಲು, ಇನ್ನೊಂದು ಮಗ್ಗುಲಿಗೆ ಕೆಂಪು ಹೆಂಚಿನ ಮಾಡುಗಳು. ಪಶ್ಚಿಮದ ಬಾಗಿಲಾಚೆ, ಬಂಡೆಯ ಮೇಲೆ ಲೊವ್ರಿಯೆನಾಟ್ಸ್ ಎಂಬ ಪ್ರತ್ಯೇಕ ಕೋಟೆಯಿದೆ. ಅದರ ಬಾಗಿಲ ಮೇಲೊಂದು ಲ್ಯಾಟಿನ್ ಸಾಲು: ಲೋಕದ ಚಿನ್ನವನ್ನೆಲ್ಲ ಸುರಿದರೂ ಸ್ವಾತಂತ್ರ್ಯವನ್ನು ಮಾರುವುದು ಸಲ್ಲದು ಎಂಬುದು ಅದರ ಭಾವ.

ಮಾರಬಾರದು, ಸರಿ. ಕೊಳ್ಳಬಹುದೇ?

ರಗೂಸಾ ಎಂಬ ಗಣರಾಜ್ಯವಾಗಿದ್ದಾಗ ಈ ಊರು, 15ನೇ ಶತಮಾನದ ಕೊನೆಯಿಂದ, ಆಟೊಮನ್ ಸುಲ್ತಾನನಿಗೆ ವರ್ಷಕ್ಕೆ 12,500 ಚಿನ್ನದ ಡುಕಾಟ್ ಕಪ್ಪ ಕಟ್ಟುತ್ತಿತ್ತು. ಕ್ರೈಸ್ತೇತರರೊಡನೆ ವ್ಯಾಪಾರ ಮಾಡಲು 1433ರಲ್ಲೇ ಬಾಸೆಲ್ ಧರ್ಮಸಭೆಯ ಒಪ್ಪಿಗೆ ಪಡೆದಿತ್ತು. ಬಾಗಿಲ ಮೇಲೆ ಒಂದು ಮಾತು, ಖಜಾನೆಯಲ್ಲಿ ಇನ್ನೊಂದು ನಡೆ ಎಂದು ಇದನ್ನು ಆಡಿಕೊಳ್ಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕಪ್ಪ ಕಟ್ಟಿದ ಊರು ತನ್ನ ಕಾನೂನು, ತನ್ನ ಬಾವುಟ, ತನ್ನ ಸಂತ ಯಾವುದನ್ನೂ ಬಿಟ್ಟುಕೊಡಲಿಲ್ಲ. 1808ರಲ್ಲಿ ನೆಪೋಲಿಯನ್ನನ ದಂಡನಾಯಕ ಮಾರ್ಮೊಂ ಗಣರಾಜ್ಯವನ್ನು ರದ್ದುಪಡಿಸುವವರೆಗೂ ಅದು ತನ್ನನ್ನು ತಾನೇ ಆಳಿಕೊಂಡಿತು.

ಊರಿನವರಿಗೆ ಹೊರಗಿನವರಷ್ಟೇ ಒಳಗಿನವರ ಭಯವೂ ಇತ್ತು. ಲೊವ್ರಿಯೆನಾಟ್ಸ್‌ನ ಕಡಲ ಬದಿಯ ಗೋಡೆ 12 ಮೀಟರ್‌ವರೆಗೆ ದಪ್ಪ. ಊರಿಗೆ ಮುಖಮಾಡಿದ ಗೋಡೆ ಬರೀ 60 ಸೆಂಟಿಮೀಟರ್. ಕೋಟೆಯ ಅಧಿಪತಿ ಊರಿನ ಮೇಲೇ ತಿರುಗಿಬಿದ್ದರೆ ಆ ಗೋಡೆಯನ್ನು ಒಡೆದು ನುಗ್ಗಬಹುದು ಎಂಬ ಲೆಕ್ಕಾಚಾರ ಅದು. ಗಣರಾಜ್ಯದ ಮುಖ್ಯಸ್ಥ ರೆಕ್ಟರನ ಅವಧಿಯೂ ಒಂದೇ ತಿಂಗಳು.

ಹಾಗಾದರೆ ಆ ಸ್ವಾತಂತ್ರ್ಯ ಯಾರದು? ಲೊವ್ರಿಯೆನಾಟ್ಸ್‌ನ ಸಾಲಿಗೆ ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು. ಮಹಾಸಭೆಯಲ್ಲಿ ಕೂರುತ್ತಿದ್ದವರು ಕುಲೀನ ಮನೆತನಗಳ ಗಂಡಸರು ಮಾತ್ರ. ಅದೇ ಸಭೆ 1416ರಲ್ಲಿ ಗುಲಾಮರ ವ್ಯಾಪಾರವನ್ನು ನಾಚಿಕೆಗೇಡಿನ ಕೆಲಸವೆಂದು ನಿಷೇಧಿಸಿತು. ಮನುಷ್ಯರನ್ನು ಸರಕಾಗಿಸುವುದು ದೇವರ ರೂಪಕ್ಕೆ ಮಾಡಿದ ಅವಮಾನ ಎಂಬ ತಿಳಿವು ವ್ಯಾಪಾರವನ್ನೇ ನಂಬಿದ್ದ ಊರಿಗೆ ಅಷ್ಟು ಬೇಗ ಹೊಳೆದದ್ದು ದೊಡ್ಡ ವಿಷಯ.

ಇನ್ನೂ ಆಳಕ್ಕಿಳಿದದ್ದು ಊರಿನ ರಕ್ಷಕ ಸಂತ ವ್ಲಾಹೋನ ಹಬ್ಬ. ಅದು ಈಗಲೂ ಪ್ರತಿ ಫೆಬ್ರವರಿ 3ರಂದು ನಡೆಯುತ್ತದೆ. ಪಾದ್ರಿಗಳು ಎರಡು ಮೇಣದ ಬತ್ತಿಗಳನ್ನು ಅಡ್ಡಡ್ಡ ಹಿಡಿದು ಭಕ್ತರ ಗಂಟಲಿಗೆ ಒತ್ತಿ ಹರಸುತ್ತಾರೆ. ಗಣರಾಜ್ಯದ ಕಾಲದಲ್ಲಿ ಹಬ್ಬದ ಆಸುಪಾಸಿನ ಕೆಲವು ದಿನ ಗಡೀಪಾರಾದವರೂ ಅಪರಾಧಿಗಳೂ ಬಂಧನದ ಭಯವಿಲ್ಲದೆ ಊರೊಳಗೆ ಬರಬಹುದಿತ್ತು. ಆ ದಿನಗಳು ಮುಗಿದರೆ ಮತ್ತೆ ಹೊರಡಬೇಕು. ಸಂತನ ಹೆಸರಿನಲ್ಲಿ ಕೆಲವು ದಿನದ ಮಟ್ಟಿಗೆ ಕೊಡಬಲ್ಲ ಬಿಡುಗಡೆಯನ್ನು ಉಳಿದ ದಿನಗಳಿಗೆ ಯಾಕೆ ಕೊಡಲಾಗದು ಎಂದು ಸಭೆಯಲ್ಲಿ ಕೂತವರನ್ನು ಕೇಳುವ ಹಕ್ಕು ಹಾಗೆ ಬಂದವರಿಗೆ ಇರಲಿಲ್ಲ.