ಕೊಟ್ಟವರಿಗೆ ಹಕ್ಕು ಉಳಿಯುತ್ತದೆಯೇ?

ಬೆಂಗಳೂರಿನ ಸೆಂಟ್ರಲ್ ಕಾಲೇಜು ಆವರಣದಲ್ಲಿ ಬೆಳೆದ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆಗೆ ಕೆನರಾ ಬ್ಯಾಂಕಿನ ಹೆಸರಿದೆ. ಮೈಸೂರು ವಿಶ್ವವಿದ್ಯಾಲಯದ ಅಂಥದ್ದೇ ಸಂಸ್ಥೆಗೆ ಬಿ.ಎನ್. ಬಹದ್ದೂರ್ ಅವರ ಹೆಸರಿದೆ. ವ್ಯವಹಾರ ಕಲಿಸುವ ಶಾಲೆಗಳು ಹೊರಗಿನವರ ಆಸರೆ ಪಡೆಯುವುದು ನಮ್ಮಲ್ಲಿ ಹೊಸದೇನಲ್ಲ. ಹೊಸದೆಂದರೆ, ಆ ಆಸರೆಯನ್ನು ಈಗ ಹಳೆಯ ವಿದ್ಯಾರ್ಥಿಗಳಿಂದ ನಿರೀಕ್ಷಿಸುವುದು, ಅದಕ್ಕೊಂದು ಮಂಡಳಿ ಕಟ್ಟುವುದು, ಕಟ್ಟಿದ್ದಕ್ಕೆ ಲೆಕ್ಕ ಇಡುವುದು. 2017ರ ಐಐಎಂ ಕಾಯ್ದೆ ಬೆಂಗಳೂರಿನ ಐಐಎಂ ಸೇರಿದಂತೆ ಆ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಜಾಗ ಕಲ್ಪಿಸಿತು. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್, ನೋಂದಾಯಿತ ಹಳೆಯ ವಿದ್ಯಾರ್ಥಿ ಸಂಘವಿದೆಯೇ, ಅದು ಐದು ವರ್ಷಗಳಲ್ಲಿ ಎಷ್ಟು ಲಕ್ಷ ಕೊಟ್ಟಿತು ಎಂದು ಕೇಳುತ್ತ ಬಂದಿದೆ. ಕಾನೂನಿನ ದೃಷ್ಟಿಯಿಂದ ಇದೆಲ್ಲ ಸರಿಯೇ. ಆದರೆ ಇದರ ಅಡಿಯಲ್ಲಿ ಧರ್ಮದ ಪ್ರಶ್ನೆಯೊಂದು ಇತ್ಯರ್ಥವಾಗದೆ ಉಳಿದಿದೆ: ಓದಿದ ಶಾಲೆಗೆ ಕೊಡುವುದು ದಾನವೋ, ಸಾಲ ತೀರಿಸುವುದೋ? ದಾನಿಗೆ ಹಾರ ಹಾಕುತ್ತೇವೆ, ಸಭೆಯಲ್ಲಿ ಮುಂದಿನ ಕುರ್ಚಿ ಕೊಡುತ್ತೇವೆ, ಅವನ ಮಾತಿಗೆ ಕಿವಿಗೊಡುತ್ತೇವೆ. ಸಾಲ ತೀರಿಸಲು ಬಂದವನಿಗೆ ಇದ್ಯಾವುದನ್ನೂ ಮಾಡುವುದಿಲ್ಲ. ಚೀಟಿ ಹರಿದು ಕಳುಹಿಸುತ್ತೇವೆ. ಹಳೆಯ ವಿದ್ಯಾರ್ಥಿ ಈ ಎರಡನೆಯ ಸಾಲಿಗೇ ಸೇರಿದವನು ಎಂಬುದು ನನ್ನ ವಾದ.

ಮನುಷ್ಯ ಹುಟ್ಟುವಾಗಲೇ ಋಣ ಹೊತ್ತು ಹುಟ್ಟುತ್ತಾನೆ ಎಂಬ ಮಾತು ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ದೇವರಿಗೆ, ಪಿತೃಗಳಿಗೆ, ಋಷಿಗಳಿಗೆ ಎಂದು ಅಲ್ಲಿ ಮೂರು ಋಣ. ಶತಪಥ ಬ್ರಾಹ್ಮಣ ನಾಲ್ಕನೆಯದಾಗಿ ಮನುಷ್ಯರ ಋಣವನ್ನೂ ಸೇರಿಸುತ್ತದೆ. ಗಮನಿಸಬೇಕಾದದ್ದು ತೀರಿಸುವ ಬಗೆಯನ್ನು. ಪಿತೃಋಣ ತೀರುವುದು ಮಕ್ಕಳನ್ನು ಪಡೆದು ಬೆಳೆಸುವುದರಿಂದ. ಋಷಿಋಣ ತೀರುವುದು ಓದಿನಿಂದ, ಓದಿದ್ದನ್ನು ಉಳಿಸಿಕೊಂಡು ಮುಂದಕ್ಕೆ ದಾಟಿಸುವುದರಿಂದ. ಋಷಿಗೆ ಧಾನ್ಯ ಅಳೆದುಕೊಟ್ಟು ಅದನ್ನು ತೀರಿಸಲಾಗದು, ಏಕೆಂದರೆ ಆ ಋಷಿ ಈಗಿಲ್ಲ. ಅಂದರೆ ಈ ಎರಡು ಸಾಲಗಳಲ್ಲಿ ಕೊಟ್ಟವರು ಹಿಂದಿದ್ದಾರೆ, ವಸೂಲಿ ಮಾಡುವವರು ಮುಂದಿದ್ದಾರೆ. ಗುರುವಿಗೆ ಪ್ರಿಯವಾದ ಧನ ತಂದುಕೊಡಬೇಕೆಂದು ಹೇಳುವ ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯೂ ಅಲ್ಲಿಗೆ ನಿಲ್ಲುವುದಿಲ್ಲ. ಕೊಡುವಾಗ ನಾಚಿಕೆ ಇರಬೇಕು, ಭಯ ಇರಬೇಕು, ತಿಳಿವಳಿಕೆ ಇರಬೇಕು ಎನ್ನುತ್ತದೆ. ಕೊಡುವವನಿಗೇಕೆ ನಾಚಿಕೆ? ಕೊಡುತ್ತಿರುವುದು ತನ್ನದಲ್ಲವೆಂದು ಗೊತ್ತಿದ್ದವನಿಗೆ ಮಾತ್ರ ಆ ನಾಚಿಕೆ ಅರ್ಥವಾಗುತ್ತದೆ.

ಇದು ಪುಸ್ತಕದ ಮಾತಾಗಿಯೇ ಉಳಿದಿಲ್ಲ ಎನ್ನಲು ದೂರ ಹೋಗಬೇಕಿಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಹುಡುಗನೊಬ್ಬ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ವಿದ್ಯಾರ್ಥಿಯಾಗಿ ಉಂಡು ಓದಿದ. ಮೆಟ್ರಿಕ್ ಮುಗಿಸಿ ಇದೇ ಸೆಂಟ್ರಲ್ ಕಾಲೇಜಿಗೆ ಸೇರಿದ. 1930ರಲ್ಲಿ ಮಠಕ್ಕೇ ಮರಳಿ ಶಿವಕುಮಾರ ಸ್ವಾಮೀಜಿಯಾದರು. 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೆ ಅವರು ನಡೆಸಿದ ವಿದ್ಯಾರ್ಥಿನಿಲಯದಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಓದು ಉಚಿತವಾಗಿ ಸಿಕ್ಕಿತು. ಹಳೆಯ ವಿದ್ಯಾರ್ಥಿಯೊಬ್ಬ ತಾನು ಉಂಡ ಮನೆಗೆ ಏನು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಕಾಣದು. ಇಲ್ಲಿ ಕೆಲಸ ಮಾಡಿದ್ದು ಶರಣರ ದಾಸೋಹದ ತತ್ತ್ವ: ದುಡಿಮೆ ಕಾಯಕವಾಗಿದ್ದರೆ ಅದರಿಂದ ಬಂದದ್ದು ಜಂಗಮಕ್ಕೆ ಸೇರಿದ್ದೇ ಹೊರತು ತಾನು ಕೊಟ್ಟೆ ಎಂದುಕೊಳ್ಳಲು ಅಲ್ಲಿ ಎಡೆಯಿಲ್ಲ. ಸನ್ಯಾಸಿಯ ಅಳತೆಗೋಲನ್ನು ಸಂಬಳದವರ ಮೇಲೆ ಹೇರುವುದು ನ್ಯಾಯವೇ ಎಂದು ಯಾರಾದರೂ ಕೇಳಿಯಾರು. ಹೇರುತ್ತಿಲ್ಲ. ದಾಸೋಹವನ್ನು ಮೊದಲು ಆಚರಿಸಿದವರಲ್ಲಿ ಹೆಚ್ಚಿನವರು ಮಠದವರಲ್ಲ, ನೇಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಒಟ್ಟಿನಲ್ಲಿ ವ್ಯವಹಾರ ಬಲ್ಲ ಸಂಸಾರಿಗಳು.

ಎಂಬಿಎ ಮಾಡಿದವರ ಮೊದಲ ಆಕ್ಷೇಪ ಊಹಿಸಬಹುದಾದದ್ದೇ. ಶುಲ್ಕ ಕಟ್ಟಿದ್ದೇವೆ, ಬ್ಯಾಂಕಿನ ಸಾಲ ತೀರಿಸಿದ್ದೇವೆ, ಇನ್ನಾವ ಋಣ? ಈ ವಾದಕ್ಕೆ ಬಲವಿದೆ, ಖಾಸಗಿ ಕಾಲೇಜುಗಳ ವಿಷಯದಲ್ಲಂತೂ ಇದೆ. ಆದರೂ ಕೊಂಡದ್ದೇನು ಎಂದು ವಿಚಾರಿಸಿದರೆ ಲೆಕ್ಕ ತಪ್ಪುತ್ತದೆ. ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ ಪಾಠದ ಖರ್ಚಿನ ಒಂದು ಭಾಗ ಮಾತ್ರ. ಉಳಿದದ್ದನ್ನು ತುಂಬಿದವರಲ್ಲಿ ಕಾಲೇಜಿನ ಗೇಟು ನೋಡದ ರೇಷ್ಮೆ ಬೆಳೆಗಾರರೂ ಇದ್ದಾರೆ. ಬನ್ನೇರುಘಟ್ಟ ರಸ್ತೆಯ ಐಐಎಂ ನಿಂತಿರುವ ನೆಲವೂ ರಾಜ್ಯ ಕೊಟ್ಟದ್ದು. ಇದಕ್ಕಿಂತ ಮುಖ್ಯವಾದ ಇನ್ನೊಂದಿದೆ. ಪದವಿಯ ಬೆಲೆಯನ್ನು ಕಟ್ಟಿದವರು ಅದನ್ನು ಪಡೆದವರಷ್ಟೇ ಅಲ್ಲ, ಅವರ ಹಿಂದಿನ ತಂಡಗಳವರು. ಅವರು ಚೆನ್ನಾಗಿ ದುಡಿದದ್ದರಿಂದ ಆ ಕಾಲೇಜಿನ ಹೆಸರಿಗೆ ಕಂಪನಿಗಳು ಬಾಗಿಲು ತೆರೆದವು. ಆ ಹೆಸರಿಗೆ ಯಾರೂ ರಸೀದಿ ಪಡೆದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಹೆಸರು ಬರೆಸದಿದ್ದರೆ, ಗೌರವ ಕೊಡದಿದ್ದರೆ ಹಣವೇ ಬರುವುದಿಲ್ಲ. ತತ್ತ್ವ ಉಳಿದು ಗ್ರಂಥಾಲಯ ಸೋರುತ್ತದೆ. ನಂದನ್ ನಿಲೇಕಣಿ 2023ರಲ್ಲಿ, ತಾವು ಸೇರಿ ಐವತ್ತು ವರ್ಷ ತುಂಬಿದಾಗ, ಬಾಂಬೆ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟರು. ಅದಕ್ಕೂ ಮೊದಲು 85 ಕೋಟಿ ಕೊಟ್ಟಿದ್ದರು. ಅದು ಸುದ್ದಿಯಾದ್ದರಿಂದ ಇನ್ನಷ್ಟು ಮಂದಿ ಕೊಡಲು ಮುಂದಾದರೆ ತಪ್ಪೇನು? ತಪ್ಪೇನಿಲ್ಲ. ನಮ್ಮ ಹಿಂದಿನವರೂ ದಾನವನ್ನು ಗುಟ್ಟಾಗಿಡಲಿಲ್ಲ, ಕಲ್ಲಿನಲ್ಲೇ ಕೆತ್ತಿಸಿದರು. ಆದರೆ ಕರ್ನಾಟಕದ ಯಾವ ಊರಿನ ದಾನಶಾಸನವನ್ನಾದರೂ ತಾಳ್ಮೆಯಿಂದ ಓದಿ. ದಾನಿಯ ಹೆಸರು ಬರುತ್ತದೆ, ನೆಲದ ಎಲ್ಲೆ ಬರುತ್ತದೆ, ಕೊನೆಗೆ ಶಾಪ ಬರುತ್ತದೆ. ಆ ಶಾಪಾಶಯ ಶ್ಲೋಕಗಳಲ್ಲಿ ತೀರ ಪರಿಚಿತವಾದದ್ದರ ತಾತ್ಪರ್ಯವೇನೆಂದರೆ, ಇನ್ನೊಬ್ಬರು ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಎಷ್ಟು ಪಾಪವೋ ತಾನೇ ಕೊಟ್ಟದ್ದನ್ನು ಕಿತ್ತುಕೊಂಡವನಿಗೂ ಅಷ್ಟೇ. ಶಾಪದ ವ್ಯಾಪ್ತಿಯೊಳಗೆ ದಾನಿಯೂ ಇದ್ದಾನೆ! ಧರ್ಮಶಾಸ್ತ್ರಕಾರರು ದಾನದ ಲಕ್ಷಣ ಹೇಳುವಾಗಲೂ ಇದೇ ನಿಲುವು: ತನ್ನ ಒಡೆತನ ಪೂರ್ತಿ ಕಳೆದು ಇನ್ನೊಬ್ಬರ ಒಡೆತನ ಹುಟ್ಟಬೇಕು. ಅರ್ಧ ಕಳೆದರೆ ಅದು ದಾನವಾಗುವುದಿಲ್ಲ. ಹಾಗಾಗಿ ಹಳೆಯ ವಿದ್ಯಾರ್ಥಿಯ ಕೊಡುಗೆಯನ್ನು ಋಣವೆಂದು ಒಪ್ಪದೆ ದಾನವೆಂದೇ ಹಟ ಹಿಡಿದರೂ ಫಲಿತಾಂಶ ಬದಲಾಗದು. ಗೋಡೆಯ ಮೇಲೆ ಹೆಸರು ಇರಲಿ. ಆ ಗೋಡೆಯೊಳಗೆ ಯಾರು ಯಾವ ಪಾಠ ಮಾಡಬೇಕೆಂಬ ಅಧಿಕಾರ ಹೆಸರಿನೊಂದಿಗೆ ಬರುವುದಿಲ್ಲ. ಕೊಡುಗೆಗೆ ಆದಾಯ ತೆರಿಗೆಯ ರಿಯಾಯಿತಿ ಪಡೆದವರಿಗೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ, ಅವರ ಕೊಡುಗೆಯಲ್ಲಿ ಸಾರ್ವಜನಿಕರ ಪಾಲೂ ಸೇರಿಹೋಗಿದೆ.

ಹಾಗಾದರೆ ಮಂಡಳಿ ಏಕೆ? ಹಣ ಕೊಟ್ಟು ಸುಮ್ಮನಿರುವುದಾದರೆ ಬ್ಯಾಂಕ್ ಖಾತೆಯೇ ಸಾಕಲ್ಲ. ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಪಳಗಿದವರಿಗೆ ಪಠ್ಯಕ್ರಮದ ಬಗ್ಗೆ ಹೇಳಲು ಏನೂ ಇಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಅವರು ಹೇಳಲಿ, ಅಧ್ಯಾಪಕರು ಕೇಳಲಿ. ಶೀಕ್ಷಾವಲ್ಲಿ ತಿಳಿವಳಿಕೆಯಿಂದ ಕೊಡು ಎಂದದ್ದರಲ್ಲಿ ತಿಳಿವಳಿಕೆಯನ್ನೇ ಕೊಡುವುದೂ ಸೇರುತ್ತದೆ. ನನ್ನ ತಕರಾರು ಮಾತು ಮತ್ತು ಚೆಕ್ಕು ಒಂದೇ ಕೈಯಿಂದ ಒಂದೇ ಸಭೆಗೆ ಬರುವುದರ ಬಗ್ಗೆ ಮಾತ್ರ. ನಿಧಿ ಕೂಡಿಸುವವರು ಬೇರೆ, ಸಲಹೆ ಕೊಡುವವರು ಬೇರೆ ಎಂದು ಮಾಡಿದರೆ ಎರಡಕ್ಕೂ ಮರ್ಯಾದೆ. ಬೇರೆ ಮಾಡದಿದ್ದರೆ, ಕಂಪನಿಗಳ ಲಾಭಕೋರತನವನ್ನು ಪ್ರಶ್ನಿಸುವ ಅಧ್ಯಾಪಕ ಮೊದಲು ಮೆಲುದನಿಯಾಗುತ್ತಾನೆ, ಆಮೇಲೆ ವಿಷಯ ಬದಲಿಸುತ್ತಾನೆ. ಯಾರೂ ಬೆದರಿಸಬೇಕಾಗಿಲ್ಲ.

ಋಣದ ಮಾತಿಗೆ ಎದುರಾಗುವ ಕಠಿಣ ಆಕ್ಷೇಪ ಏಕಲವ್ಯನದು. ಕಲಿಸದ ಗುರು ಹೆಬ್ಬೆರಳು ಕೇಳಿದ, ಶಿಷ್ಯ ಕೊಟ್ಟ. ವಿದ್ಯಾಋಣವೆಂಬುದು ಬಲವಿಲ್ಲದವರಿಂದ ಕಿತ್ತುಕೊಳ್ಳುವ ಉಪಾಯವಾಗಿದ್ದಕ್ಕೆ ಮಹಾಭಾರತವೇ ಸಾಕ್ಷಿ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಒಪ್ಪಿಯೂ ವಾದ ಬಿಡುವುದಿಲ್ಲ. ಈ ಋಣ ಹೊತ್ತವನ ಮನಸ್ಸಿಗೆ ತಿಳಿಯಬೇಕಾದದ್ದು. ಸಂಸ್ಥೆ ಬಾಯಿಬಿಟ್ಟು ಕೇಳಿದ ಕ್ಷಣ ದ್ರೋಣನ ಜಾಗದಲ್ಲಿ ನಿಲ್ಲುತ್ತದೆ. ನ್ಯಾಕ್‌ನ ಲಕ್ಷಗಳ ಕಾಲಂ ನನಗೆ ಹಿಡಿಸದಿರುವುದು ಇದೇ ಕಾರಣಕ್ಕೆ. ಮಾಗಡಿ ಕಡೆಯ ಸರ್ಕಾರಿ ಕಾಲೇಜಿನಲ್ಲಿ ಓದಿ, ಮನೆಯಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳ ಕಂಡ ಹುಡುಗಿ ತಮ್ಮನ ಫೀಸು ಕಟ್ಟಬೇಕು, ಮನೆಯ ಮೇಲಿನ ಸಾಲ ಬಿಡಿಸಬೇಕು. ಆಕೆಯಿಂದ ಕಾಲೇಜಿಗೆ ಬಂದ ಹಣ ಸೊನ್ನೆ. ಭಾನುವಾರ ಊರಿಗೆ ಬಂದಾಗ ಅಂತಿಮ ವರ್ಷದ ನಾಲ್ವರಿಗೆ ಸಂದರ್ಶನದಲ್ಲಿ ಹೇಗೆ ಮಾತಾಡಬೇಕು, ಬೆಂಗಳೂರಿನಲ್ಲಿ ಯಾವ ಪಿಜಿಯಲ್ಲಿ ಇರಬಹುದು, ಯಾವ ಕಂಪನಿ ಠೇವಣಿ ಕೇಳಿ ಮೋಸ ಮಾಡುತ್ತದೆ ಎಂದು ಆಕೆ ಹೇಳಿಕೊಟ್ಟರೆ ಅದನ್ನು ಬರೆಯಲು ಆ ಕಾಲಂನಲ್ಲಿ ಜಾಗವಿಲ್ಲ. ಋಷಿಋಣದ ಲೆಕ್ಕದಲ್ಲಿ ಆಕೆ ತೀರಿಸಿದ್ದು ಕೋಟಿ ಕೊಟ್ಟವರಿಗಿಂತ ಕಡಿಮೆಯಲ್ಲ, ಏಕೆಂದರೆ ಆಕೆಯಿಂದ ಪಡೆದವರು ಆಕೆಗೆ ಏನನ್ನೂ ಮರಳಿಸಲಾರರು. ಗೀತೆಯ ಹದಿನೇಳನೆಯ ಅಧ್ಯಾಯ ಸಾತ್ತ್ವಿಕ ದಾನಕ್ಕೆ ಇಟ್ಟಿರುವ ಷರತ್ತುಗಳಲ್ಲಿ ಅದೂ ಒಂದು.

ಆ ಷರತ್ತನ್ನು ಮಂಡಳಿಗಳು ತಮ್ಮ ಮೇಲೆಯೇ ಹಾಕಿಕೊಂಡು ನೋಡಬಹುದು. ಹಳೆಯ ವಿದ್ಯಾರ್ಥಿಗಳು ಕೆಲಸ ಕೊಡಿಸುವಾಗ ಕೈ ಸಾಮಾನ್ಯವಾಗಿ ತಮ್ಮ ಜಾತಿಯವರತ್ತ, ಊರಿನವರತ್ತ, ತಮ್ಮಂತೆಯೇ ಇಂಗ್ಲಿಷ್ ಮಾತಾಡುವವರತ್ತ ಚಾಚುತ್ತದೆ. ಇಂದು ಕೆಲಸ ಪಡೆದವನು ನಾಳೆ ಉಪಕಾರಕ್ಕೆ ಬರುತ್ತಾನೆ. ಅದಕ್ಕೆ ಗೀತೆ ರಾಜಸವೆಂದು ಹೆಸರಿಟ್ಟಿದೆ, ವ್ಯವಹಾರ ಶಾಲೆಯವರು ಸಂಪರ್ಕಜಾಲವೆಂದು ಕರೆಯುತ್ತಾರೆ. ವಿದ್ಯಾರ್ಥಿವೇತನಕ್ಕೆ ಆಯ್ಕೆ ಮಾಡುವಾಗ ಕೊಟ್ಟವರಿಗೆ ಪಡೆದವರ ಹೆಸರೂ ಪಡೆದವರಿಗೆ ಕೊಟ್ಟವರ ಹೆಸರೂ ತಿಳಿಯದಂತೆ ಮಾಡಲು ಒಂದು ಮಂಡಳಿ ನಿಯಮ ಬರೆದುಕೊಂಡರೆ, ಆಗ ಎಷ್ಟು ಮಂದಿ ಸದಸ್ಯರು ಉಳಿಯುತ್ತಾರೆ ಎಂಬುದರಿಂದ ಅದುವರೆಗೆ ಬರುತ್ತಿದ್ದದ್ದು ದಾನವೋ, ಋಣವೋ, ಬಂಡವಾಳವೋ ಎಂಬುದು ಗೊತ್ತಾಗುತ್ತದೆ.