ಮಾತು ಬಾರದ ನಾಡಿಗೆ ಹೊರಟಾಗ

ತುರುವೇಕೆರೆಯ ನಮ್ಮ ಮನೆಯಲ್ಲಿ ಕೆಲವು ತಿಂಗಳಿಂದ ಒಂದೇ ಮಾತು ನಡೆದಿದೆ. ನನಗೆ ನಿವೃತ್ತಿಯಾಗಿ ಆರು ವರ್ಷವಾಯಿತು. ಮಕ್ಕಳು ತಮ್ಮ ತಮ್ಮ ನೆಲೆ ಕಂಡುಕೊಂಡಿದ್ದಾರೆ. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಕೊಬ್ಬರಿಗೆ ತಿಪಟೂರು ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಯೂ ದೊರೆಯಿತು. ಬದುಕಿನಲ್ಲಿ ಒಮ್ಮೆಯಾದರೂ ಹೊರದೇಶವೊಂದನ್ನು ಕಾಣಬೇಕೆಂಬ ಹಳೆಯ ಆಸೆ ಆಗ ಚಿಗುರಿತು. ವಿಯೆಟ್ನಾಂ ಎಂದು ನಿಶ್ಚಯವಾಯಿತು. ಅಲ್ಲಿ ಮೆಕಾಂಗ್ ನದಿ ಸಮುದ್ರ ಸೇರುವ ಕಡೆ ಬೆನ್ ತ್ರೆ ಎಂಬ ಸೀಮೆಯಿದೆ. ನಮ್ಮ ನಾಡಿನಂತೆಯೇ ತೆಂಗಿಗೆ ಹೆಸರಾದದ್ದು. ತೆಂಗಿನವರು ತೆಂಗಿನವರನ್ನು ನೋಡಿಬರಲಿ ಎಂದು ಮಗಳೇ ಸೂಚಿಸಿದಳು.

ನನ್ನ ಪತ್ನಿಗೆ ಕನ್ನಡವೊಂದೇ ಭಾಷೆ. ಒಂದು ಸಂಜೆ ಅವಳು ಕೇಳಿದಳು: "ರೀ, ಅಲ್ಲಿ ನೀರು ಬೇಕು ಅಂತ ಹೇಗೆ ಕೇಳೋದು? ಒಂದು ಮಾತೂ ಆಡೋಕಾಗದ ಜನರ ಊರಿಗೆ ಹೋಗಿ ನಾವು ನೋಡೋದಾದರೂ ಏನು?"

ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. 2011ರಿಂದಲೂ ಗೂಗಲ್‌ನ ಅನುವಾದ ವ್ಯವಸ್ಥೆಯಲ್ಲಿ ಕನ್ನಡವಿದೆ. ಫೋನಿನಲ್ಲಿ ಕನ್ನಡದಲ್ಲಿ ಬರೆದರೆ ಎದುರಿನವರ ಭಾಷೆ ತೆರೆಯ ಮೇಲೆ ಮೂಡುತ್ತದೆ. ಉಳಿದುಕೊಳ್ಳುವ ಸ್ಥಳದ ವಿಳಾಸವನ್ನು ಅಲ್ಲಿನ ಭಾಷೆಯಲ್ಲೇ ಬರೆಸಿ ಜೇಬಿನಲ್ಲಿಡಬೇಕು. ಅವಳಿಗೆ ಸಕ್ಕರೆ ಕಾಯಿಲೆಯಿರುವುದರಿಂದ ಔಷಧಿಯ ಮೂಲ ಹೆಸರು, ತಿನ್ನಬಾರದ ಪದಾರ್ಥ ಇವೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಿಡಬೇಕು. 'ಆಗಲಿ' ಎನ್ನಲು ನಾವು ತಲೆಯನ್ನು ಅತ್ತಿತ್ತ ಆಡಿಸುವುದನ್ನು ಅವರು 'ಬೇಡ' ಎಂದು ತಿಳಿದಾರು. ಆ ಅಭ್ಯಾಸವನ್ನು ಹತ್ತು ದಿನ ಹಿಡಿತದಲ್ಲಿಡಬೇಕು. ಇಷ್ಟಾದರೆ ನೀರಿಗೂ ಅನ್ನಕ್ಕೂ ಕೊರತೆಯಾಗದು.

ಆದರೆ ಎರಡನೆಯ ಪ್ರಶ್ನೆಗೆ ಫೋನಿನಲ್ಲಿ ಉತ್ತರವಿರಲಿಲ್ಲ. ಅದು ನನ್ನೊಳಗೆ ಇನ್ನೊಂದು ಪ್ರಶ್ನೆಯಾಗಿ ಬೆಳೆಯಿತು. ಇತರರ ಮನೆಗೆ ಅವರ ಒಂದು ಮಾತನ್ನೂ ಕಲಿಯದೆ ಹೋಗುವುದು ಸರಿಯೇ? ಅತಿಥಿಗೂ ಒಂದು ಧರ್ಮವಿದೆಯಲ್ಲವೇ?

ಸ್ನೇಹಿತರೊಬ್ಬರು ಇದನ್ನು ಕೇಳಿ ನಕ್ಕರು. "ನಾವು ಹಣ ಕೊಡುತ್ತೇವೆ, ಅವರು ಸೇವೆ ಮಾಡುತ್ತಾರೆ. ಹತ್ತು ದಿನಕ್ಕೆ ಭಾಷೆ ಕಲಿಯಬೇಕೆ, ಮೇಷ್ಟ್ರೇ?" ಎಂದರು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಪ್ರವಾಸಿಗರಿಂದ ಆ ಜನರಿಗೆ ಜೀವನೋಪಾಯವೂ ಆಗುತ್ತದೆ. ಆದರೆ ಇದೇ ಸ್ನೇಹಿತರು ಬೆಂಗಳೂರಿನಲ್ಲಿ ಹೊರಗಿನವರು ಕನ್ನಡ ಕಲಿಯುವುದಿಲ್ಲವೆಂದು ಪ್ರತಿ ನವೆಂಬರ್‌ನಲ್ಲೂ ನೊಂದುಕೊಳ್ಳುವವರು. ಆ ಹೊರಗಿನವರೂ ಬಾಡಿಗೆ ಕೊಡುತ್ತಾರೆ, ತೆರಿಗೆ ಕೊಡುತ್ತಾರೆ. ಹಣ ಕೊಟ್ಟ ಮೇಲೆ ಭಾಷೆಯ ಋಣ ತೀರಿತೆಂದು ನಾವು ಅವರಿಗೆ ಹೇಳುವುದಿಲ್ಲ. ನಮ್ಮ ಹೊಸಿಲಲ್ಲಿ ಒಂದು ಅಳತೆ, ಪರರ ಹೊಸಿಲಲ್ಲಿ ಇನ್ನೊಂದು ಅಳತೆ ಇಟ್ಟುಕೊಳ್ಳುವುದು ನ್ಯಾಯವಲ್ಲ.

ಹಾಗಾದರೆ ಅಳತೆ ಎಷ್ಟು? ಹತ್ತು ದಿನ ಇರುವವನೂ ಬದುಕಿಡೀ ಇರುವವನೂ ಒಂದೇ ಋಣ ಹೊತ್ತವರಲ್ಲ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಈ ನಾಡಿಗೆ ಬಂದರು. ಇಲ್ಲಿಯೇ ಬಹುಕಾಲ ಬಾಳಿದ ಅವರು ಆ ಋಣವನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಬೃಹತ್ ಕನ್ನಡ-ಇಂಗ್ಲಿಷ್ ನಿಘಂಟಿನಿಂದ ತೀರಿಸಿದರು. ನಮ್ಮದೇ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದರು. ಹಾಗೆ ತರಬೇಕಾದರೆ ಪರಭಾಷೆಯ ಮುಂದೆ ಎಷ್ಟೋ ವರ್ಷ ವಿದ್ಯಾರ್ಥಿಯಾಗಿ ಕುಳಿತಿರಬೇಕು. ಇವರೆಲ್ಲ ದೊಡ್ಡವರು. ನಮ್ಮಂಥ ಹತ್ತು ದಿನದ ಅತಿಥಿಗಳಿಗೆ ಹತ್ತು ಪದಗಳಾದರೂ ಋಣವಿದೆಯೆಂದು ನಾನು ಲೆಕ್ಕ ಹಾಕಿದೆ.

ಹತ್ತು ಪದ ಕಲಿಯಲು ಕುಳಿತಾಗಲೇ ಅಹಂಕಾರ ಇಳಿಯಿತು. ವಿಯೆಟ್ನಾಮಿ ಭಾಷೆಯಲ್ಲಿ ಸ್ವರದ ಏರಿಳಿತವೇ ಅರ್ಥವನ್ನು ಬದಲಿಸುತ್ತದೆ. ಅಂಥ ಆರು ಸ್ವರಗಳಿವೆ. 'ಮಾ' ಎಂಬ ಒಂದೇ ಉಚ್ಚಾರಣೆ ಏರಿಳಿತಕ್ಕೆ ತಕ್ಕಂತೆ ದೆವ್ವ, ತಾಯಿ, ಆದರೆ, ಸಮಾಧಿ, ಕುದುರೆ, ಭತ್ತದ ಸಸಿ ಎಂದೆಲ್ಲ ಆಗುತ್ತದೆ. ಮೂವತ್ತು ವರ್ಷ ಮಕ್ಕಳ ಉಚ್ಚಾರ ತಿದ್ದಿದ ನಾನು ತಾಯಿಯನ್ನು ಕರೆಯಲು ಹೋಗಿ ದೆವ್ವವನ್ನು ಕರೆಯುತ್ತಿದ್ದೆ! ನನ್ನ ಪತ್ನಿಗೆ ಮಾತ್ರ ಆ ರಾಗ ಬೇಗ ಒಲಿಯಿತು. ಅವಳಿಗೆ ಹೆಚ್ಚು ಮೆಚ್ಚಿಗೆಯಾದ ಸಂಗತಿಯೆಂದರೆ, ಆ ಜನ ಅಪರಿಚಿತರನ್ನೂ ವಯಸ್ಸು ನೋಡಿ ಅಣ್ಣ, ಅಕ್ಕ, ಅಜ್ಜ, ಅಜ್ಜಿ ಎಂಬರ್ಥದ ಪದಗಳಿಂದಲೇ ಮಾತನಾಡಿಸುತ್ತಾರೆಂಬುದು. "ಹಾಗಾದರೆ ನಮ್ಮಂಥವರೇ" ಎಂದಳು. ಪ್ರವಾಸದ ಭಯ ಅವಳಲ್ಲಿ ಕಡಿಮೆಯಾದದ್ದು ಅಂದಿನಿಂದ.

ಯೇಸುಸಭೆಯ ಅಲೆಕ್ಸಾಂಡರ್ ದ ರೋಡ್ ಎಂಬ ಗುರುಗಳು 1624ರಲ್ಲಿ ಅದೇ ನಾಡಿಗೆ ಕಾಲಿಟ್ಟಾಗ ಅಲ್ಲಿನ ಹೆಂಗಸರ ಮಾತು ಅವರಿಗೆ ಹಕ್ಕಿಗಳ ಚಿಲಿಪಿಲಿಯಂತೆ ಕೇಳಿಸಿತಂತೆ. ಇದನ್ನು ಕಲಿಯುವುದು ತಮ್ಮಿಂದಾಗದು ಎಂದು ಅವರು ಧೈರ್ಯಗೆಟ್ಟರಂತೆ. ಕೊನೆಗೆ ಆರು ಸ್ವರಗಳನ್ನು ಮೂರು ವಾರಗಳಲ್ಲಿ ಅವರಿಗೆ ಕಲಿಸಿದವನು ಆ ನಾಡಿನ ಒಬ್ಬ ಬಾಲಕ. ಅವನಿಗೆ ಇವರ ಭಾಷೆ ಬಾರದು, ಇವರಿಗೆ ಅವನದು ಬಾರದು. 1651ರಲ್ಲಿ ರೋಮಿನಲ್ಲಿ ಗುರುಗಳ ನಿಘಂಟು ಅಚ್ಚಾಯಿತು. ಆದರೆ ಅದರ ಮೊದಲ ಪಾಠ ನಡೆದದ್ದು ಒಬ್ಬ ಹುಡುಗನ ಮುಂದೆ. ಪಂಡಿತನು ಬಾಲಕನಿಗೆ ಶಿಷ್ಯನಾಗಲು ಒಪ್ಪಿದಾಗ ಬಾಗಿಲು ತೆರೆಯಿತು.

ಇಷ್ಟು ಬರೆದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ.

ಹೋದ ವರ್ಷ ಮಳೆಗಾಲದ ಒಂದು ಮುಸ್ಸಂಜೆ ನಮ್ಮ ತೋಟದ ಮನೆಯ ಗೇಟಿನ ಬಳಿ ಒಬ್ಬ ತರುಣ ನಿಂತಿದ್ದ. ಸಮೀಪದ ತೆಂಗಿನ ನಾರಿನ ಘಟಕವೊಂದರಲ್ಲಿ ದುಡಿಯಲು ಒಡಿಶಾದಿಂದ ಬಂದವನು. ಏನೋ ಹೇಳಿದ, ನನಗೆ ತಿಳಿಯಲಿಲ್ಲ. ಹೊಟ್ಟೆ ಮುಟ್ಟಿ ತೋರಿಸಿ ಕೈಮುಗಿದ. ಹಸಿದಿದ್ದಾನೆಂದು ತಿಳಿದು ಮುದ್ದೆ ಸಾರು ಕೊಡಿಸಿದೆ. ಅವನು ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, ಒಂದು ತುತ್ತನ್ನೂ ಮುಟ್ಟದೆ ಮತ್ತೊಮ್ಮೆ ಕೈಮುಗಿದು ಹೊರಟುಹೋದ. ಕೊಟ್ಟ ಊಟಕ್ಕೆ ಬೆಲೆಯಿಲ್ಲವೆಂದು ನಾನು ಗೊಣಗಿದೆ. ಆ ರಾತ್ರಿಯ ಪ್ರಾರ್ಥನೆಯಲ್ಲಿ ಹಸಿದವನಿಗೆ ಅನ್ನ ನೀಡಿದ ತೃಪ್ತಿಯೂ ನನಗಿತ್ತು. ಮರುದಿನ ತಿಳಿಯಿತು: ಅವನಿಗೆ ಅಪೆಂಡಿಕ್ಸ್ ಬಾಧೆ. ಜ್ವರ, ತಡೆಯಲಾಗದ ಹೊಟ್ಟೆನೋವು. ಯಾರಾದರೂ ಒಂದು ವಾಹನ ಕರೆಸಿಕೊಡಲಿ ಎಂದು ಮನೆಯಿಂದ ಮನೆಗೆ ಕೇಳುತ್ತ ಬಂದಿದ್ದನಂತೆ. ನಡುರಾತ್ರಿ ಜೊತೆಗಾರರು ತುಮಕೂರಿಗೆ ಸಾಗಿಸಿ ಉಳಿಸಿಕೊಂಡರು.

ನನ್ನ ಜೇಬಿನಲ್ಲಿ ಆ ಸಂಜೆಯೂ ಅನುವಾದ ಮಾಡುವ ಅದೇ ಫೋನಿತ್ತು. ಅದನ್ನು ತೆಗೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ವಿಯೆಟ್ನಾಮಿನಲ್ಲಿ ಹೋಟೆಲಿನ ಮಾಣಿಗೆ ನನ್ನ ಮಾತು ತಿಳಿಯಬೇಕೆಂದು ಆರು ತಿಂಗಳ ಮುಂಚೆ ಸಿದ್ಧತೆ ನಡೆಸಿದ ನಾನು, ನನ್ನ ಗೇಟಿನಲ್ಲಿ ನಿಂತವನ ಮಾತನ್ನು ತಿಳಿಯಲು ಆರು ನಿಮಿಷವನ್ನೂ ಕೊಡಲಿಲ್ಲ. ಅವನ ಅಗತ್ಯವನ್ನು ಅವನಿಂದ ಕೇಳುವ ಬದಲು ನಾನೇ ತೀರ್ಮಾನಿಸಿದೆ. ದಾನದಲ್ಲಿಯೂ ಇಂಥ ಕಿವುಡುತನ ಇರಬಲ್ಲದೆಂದು ನನಗೆ ಅಂದು ಅರಿವಾಯಿತು.

ಭಾಷೆಯ ಋಣವನ್ನು ಲೆಕ್ಕ ಹಾಕುವಾಗ ಉಳಿಯುವ ಕಾಲವನ್ನಷ್ಟೇ ನೋಡಿದರೆ ಸಾಲದು, ಅಗತ್ಯವನ್ನೂ ನೋಡಬೇಕು. ನಾವಿಬ್ಬರು ಮಾತು ಬಾರದವರಾಗಿ ಹೋಗುವುದು ಸಂತೋಷಕ್ಕಾಗಿ. ಕೈಯಲ್ಲಿ ಹಣವೂ ಮರಳಿ ಬರುವ ಟಿಕೇಟೂ ಇರುತ್ತವೆ. ಆ ತರುಣ ಮಾತು ಬಾರದವನಾಗಿ ಬಂದದ್ದು ಹೊಟ್ಟೆಪಾಡಿಗಾಗಿ. ಅವನು ಕಾಲಕ್ರಮದಲ್ಲಿ ಕನ್ನಡ ಕಲಿಯಲಿ, ಕಲಿಯಬೇಕು ಕೂಡ. ಆದರೆ ಅವನು ಕಲಿಯುವವರೆಗೆ ಅವನತ್ತ ಮೊದಲ ಹೆಜ್ಜೆ ಇಡಬೇಕಾದವರು ಬಲವುಳ್ಳ ನಾವೇ.

ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯವನ್ನು ನಾನು ಈಗ ಬೇರೆ ಕಣ್ಣಿನಿಂದ ಓದುತ್ತೇನೆ. ಪಂಚಾಶತ್ತಮ ದಿನದಂದು ನೆರೆದ ಪರದೇಶಿಗಳು ಯಾರೂ ಗಲಿಲೇಯದವರ ಭಾಷೆ ಕಲಿತು ಬರಬೇಕಾಗಲಿಲ್ಲ. ಪವಿತ್ರಾತ್ಮರು ಎಲ್ಲರಿಗೂ ಒಂದೇ ಭಾಷೆಯನ್ನು ಕೊಡಲೂ ಇಲ್ಲ. ಹೇಳುವವರೇ ಕೇಳುವವರ ಮಾತಿನೊಳಗೆ ಹೋದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ನಮ್ಮ ಬಲಿಪೂಜೆ ಲತೀನಿನಿಂದ ಕನ್ನಡಕ್ಕೆ ಬಂದದ್ದೂ ಇದೇ ದಾರಿಯಲ್ಲಿ. ವಿಯೆಟ್ನಾಮಿನ ಯಾವುದೋ ದೇವಾಲಯದಲ್ಲಿ ಭಾನುವಾರ ನಾವು ಕುಳಿತಾಗ ಒಂದು ಪದವೂ ತಿಳಿಯದಿರಬಹುದು. ಆದರೆ ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು ಎಂಬುದು ತಿಳಿದಿರುತ್ತದೆ. ಅಷ್ಟು ಪರಿಚಯವೂ ಇಲ್ಲದ ಊರಿನಲ್ಲಿ ದುಡಿಯುವವರ ಪಾಡೇನು?

ಆ ತರುಣ ಗುಣವಾಗಿ ಮರಳಿ ಕೆಲಸಕ್ಕೆ ಬಂದಿದ್ದಾನೆ. ನಾನು ಹೋಗಿ ಕ್ಷಮೆ ಕೇಳಿದೆ. ಫೋನಿನಲ್ಲಿ ಬರೆದು ತೋರಿಸಿದಾಗ ಅವನು ಸಂಕೋಚದಿಂದ ನಕ್ಕ. ಈಗ ಭಾನುವಾರ ಮಧ್ಯಾಹ್ನ ಅವನೂ ಅವನ ಇಬ್ಬರು ಜೊತೆಗಾರರೂ ನಮ್ಮ ಮನೆಗೆ ಬರುತ್ತಾರೆ. ಪತ್ನಿ ಅವರಿಗೆ ಕನ್ನಡ ಹೇಳಿಕೊಡುತ್ತಾಳೆ, ಅವರು ನಮಗೆ ಒಡಿಯಾ ಹೇಳಿಕೊಡುತ್ತಾರೆ. ಅಡುಗೆಮನೆಯ ಗೋಡೆಯಲ್ಲಿ ಎರಡು ಪಟ್ಟಿಗಳಿವೆ: ಒಂದು ಜನವರಿಯ ಪ್ರವಾಸಕ್ಕೆ, ಇನ್ನೊಂದು ಇಲ್ಲಿನ ಬಾಳಿಗೆ. ಎರಡನೆಯ ಪಟ್ಟಿಯಲ್ಲಿ ನೀರಿಗೆ 'ಪಾಣಿ', ಹೊಟ್ಟೆಗೆ 'ಪೇಟ' ಎಂದಿದೆ.

ಜ್ವರಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಮೊದಲ ಭಾನುವಾರ ಕೇಳಿದೆ. "ಜರ" ಎಂದ. ನಮ್ಮ ಹಳ್ಳಿಗಳ ಹಿರಿಯರೂ ಹಾಗೆಯೇ ಅನ್ನುತ್ತಾರೆ. ಆ ಮುಸ್ಸಂಜೆ ಅವನು ಗೇಟಿನಲ್ಲಿ ನಿಂತು ಈ ಮಾತನ್ನೂ ಹೇಳಿದ್ದನಂತೆ. ನಾನು ಕೇಳಿಸಿಕೊಂಡಿರಲಿಲ್ಲ.