ಲೆಕ್ಕಕ್ಕೆ ಸಿಗದ ಗಾಳಿ

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡರೆ ಕೆಲವರು ನೋಡಿಯೂ ನೋಡದ ಹಾಗೆ ತಿಂಗಳುಗಟ್ಟಲೆ ಗಾಡಿ ಓಡಿಸುತ್ತಾರೆ. ಮಿಕ್ಕವರು ಅದೇ ದಿನ ಗ್ಯಾರೇಜಿಗೆ ಹೋಗಿ ಸ್ಕ್ಯಾನರ್ ಹಾಕಿಸುತ್ತಾರೆ. ಅದು ತೋರಿಸಿದ ಕೋಡ್ ನೋಡಿ ಯಾವ ಸಾಮಾನಿನ ಹೆಸರು ನೆನಪಾಗುತ್ತದೋ ಅದನ್ನು ಬದಲಾಯಿಸಿ, ಬಿಲ್ ಕೊಟ್ಟು ಬರುತ್ತಾರೆ. ವಾರ ಕಳೆಯುವುದರೊಳಗೆ ದೀಪ ಮತ್ತೆ ಹಾಜರ್. ಸುಮ್ಮನೆ ಓಡಿಸಿದವರಿಗೆ ದುಡ್ಡಾದರೂ ಉಳಿಯಿತಲ್ಲ ಅನ್ನಿಸುವುದು ಆಗಲೇ.

ಅಮೆರಿಕದ ಪಿಕಪ್ ಗಾಡಿಗಳಲ್ಲಿ ಈ ಕಥೆ ನಿತ್ಯದ್ದು. ಅಲ್ಲಿಯವರು ಪಿಕಪ್ಪನ್ನೇ ಟ್ರಕ್ ಅನ್ನುತ್ತಾರೆ. 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಎಂದರೆ ಫೋರ್ಡ್ ಎಫ್ ಸರಣಿಯದು. ಅವುಗಳಲ್ಲಿ ಬಹುಪಾಲು ನಮ್ಮ ಲಾರಿಗಳ ಹಾಗೆ ಡೀಸೆಲ್ ಅಲ್ಲ, ಪೆಟ್ರೋಲ್. ಡೀಸೆಲ್ ಎಂಜಿನ್ ಯಾವತ್ತೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆದುಕೊಂಡೇ ನಡೆಯುವುದು, ಹಾಗಾಗಿ ಅದಕ್ಕೆ ‘ಲೀನ್’, ಅಂದರೆ ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚು, ಎಂಬುದು ಕಾಯಿಲೆಯೇ ಅಲ್ಲ. ಪೆಟ್ರೋಲ್ ಎಂಜಿನ್ ಮಾತ್ರ ಬಲು ಮಡಿ. ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ. ಇದರ ಆಸುಪಾಸಿನ ತೀರಾ ಕಿರಿದಾದ ಪಟ್ಟಿಯೊಳಗೆ ಮಾತ್ರ ಸೈಲೆನ್ಸರಿನ ಕೆಟಲಿಟಿಕ್ ಕನ್ವರ್ಟರ್ ಮೂರೂ ಬಗೆಯ ವಿಷಗಳನ್ನು ಒಟ್ಟಿಗೆ ಮುರಿಯಬಲ್ಲದು. ಗಾಳಿ ಸ್ವಲ್ಪ ಹೆಚ್ಚಾಯಿತೋ, ನೈಟ್ರೋಜನ್ ಆಕ್ಸೈಡುಗಳು ಕೈತಪ್ಪಿ ಹೊರಗೆ ಹೋಗುತ್ತವೆ.

ಆ ದೀಪ ಹುಟ್ಟಿದ್ದೂ ಅದಕ್ಕಾಗಿಯೇ. ಎಂಜಿನ್ ಕೆಟ್ಟೀತು, ಮಾಲೀಕನ ಜೇಬಿಗೆ ಹೊರೆಯಾದೀತು ಎಂಬ ಕಾಳಜಿಯಿಂದ ಅದನ್ನು ಅಲ್ಲಿ ಕೂರಿಸಲಿಲ್ಲ. ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜಿಗೆ ಕಾರಿನ ಹೊಗೆ ಮತ್ತು ಬಿಸಿಲು ಸೇರಿ ನಡೆಸುವ ರಸಾಯನಕ್ರಿಯೆಯೇ ಕಾರಣ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಆರಿ ಹಾಗನ್-ಸ್ಮಿಟ್ ಎಂಬ ಡಚ್ ಮೂಲದ ವಿಜ್ಞಾನಿ. ಮುಂದೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿಗೆ ಮೊದಲ ಅಧ್ಯಕ್ಷರಾದವರೂ ಅವರೇ. ಗಾಡಿ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳಬೇಕು ಎಂಬ ನಿಯಮ ಮೊದಲು ಬಂದದ್ದು ಆ ರಾಜ್ಯದಲ್ಲಿ. 1996ರ ಮಾಡೆಲ್‌ಗಳಿಂದ ಇಡೀ ಅಮೆರಿಕದಲ್ಲಿ ಒಬಿಡಿ-2 ಎಂಬ ಸ್ವಯಂತಪಾಸಣೆಯ ವ್ಯವಸ್ಥೆ ಕಡ್ಡಾಯವಾಯಿತು. ಎಂಜಿನ್ ಚೆನ್ನಾಗಿಯೇ ಓಡುತ್ತಿದೆ, ದೀಪ ಯಾಕೆ ಹೊತ್ತಿದೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ಅದು ಊರಿನ ಶ್ವಾಸಕೋಶದ ಪರವಾಗಿ ಇಟ್ಟ ದೀಪ.

ಪಿ0171, ಪಿ0174. ಇವು ಲೀನ್ ಕೋಡುಗಳು. ವಿ-8 ಎಂಜಿನ್ನಿನಲ್ಲಿ ಒಂದೊಂದು ಮಗ್ಗುಲಿಗೆ ನಾಲ್ಕು ಸಿಲಿಂಡರ್. ಮೊದಲ ಕೋಡ್ ಒಂದು ಮಗ್ಗುಲಿನದು, ಎರಡನೆಯದು ಇನ್ನೊಂದರದು. ಎರಡೂ ಕಡೆ ಹೊಗೆಕೊಳವೆಯಲ್ಲಿ ಒಂದೊಂದು ಆಕ್ಸಿಜನ್ ಸೆನ್ಸರ್ ಕೂತು, ಸುಟ್ಟ ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಮಿಕ್ಕಿದೆ ಎಂದು ಮೂಸಿ ನೋಡುತ್ತಿರುತ್ತದೆ. ಮಿಕ್ಕಿದ್ದು ಹೆಚ್ಚಾದರೆ ‘ಪೆಟ್ರೋಲ್ ಸಾಲದು’ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಇಂಜೆಕ್ಟರುಗಳನ್ನು ಇನ್ನೊಂದಿಷ್ಟು ಹೊತ್ತು ತೆರೆದಿಟ್ಟು ಸರಿದೂಗಿಸುತ್ತದೆ. ಹೀಗೆ ಹೆಚ್ಚಿಗೆ ಕೊಟ್ಟದ್ದರ ಲೆಕ್ಕಕ್ಕೆ ಫ್ಯೂಯಲ್ ಟ್ರಿಮ್ ಎನ್ನುತ್ತಾರೆ. ಐದು, ಎಂಟು, ಹತ್ತು ಪರ್ಸೆಂಟಿನವರೆಗೂ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಸಾಸಿವೆ ಡಬ್ಬಿಯ ದುಡ್ಡಿನಲ್ಲಿ ತಿಂಗಳ ಕೊನೆಯನ್ನು ನಿಭಾಯಿಸುವ ಗೃಹಿಣಿಯ ಹಾಗೆ ಅದು ಸದ್ದಿಲ್ಲದೆ ತೂಗಿಸಿಕೊಂಡು ಹೋಗುತ್ತದೆ. ಇಪ್ಪತ್ತೈದರ ಸುಮಾರಿಗೆ ಬಂದಾಗ ಡಬ್ಬಿ ಖಾಲಿ. ಆಗಲೂ ಅವಸರವಿಲ್ಲ, ಬೆನ್ನುಬೆನ್ನಿಗೆ ಎರಡು ಓಟದಲ್ಲಿ ಅದೇ ತೊಂದರೆ ಕಂಡರೆ ಮಾತ್ರ ದೀಪ. ನಮಗೆ ಕಾಯಿಲೆ ಶುರುವಾದ ದಿನದ ಹಾಗೆ ಕಾಣುವುದು, ನಿಜಕ್ಕೆ ಅದನ್ನು ಮುಚ್ಚಿಕೊಂಡು ಬಂದವರು ಕೈಚೆಲ್ಲಿದ ದಿನ.

ಇಷ್ಟಾದ ಮೇಲೆ ನಾವು ಮಾಡುವ ಮೊದಲ ಕೆಲಸ ಏನು? ದೂರು ತಂದ ಸೆನ್ಸರನ್ನೇ ಕಿತ್ತು ಹಾಕುವುದು. ‘ಸೆನ್ಸರ್ ಹೋಗಿದೆ ಸಾರ್’ ಎಂಬ ಮಾತು ಬೆಂಗಳೂರಿನ ಗ್ಯಾರೇಜಿನಲ್ಲೂ ಕೇಳಿದ್ದೇ, ಟೆಕ್ಸಾಸಿನದರಲ್ಲೂ ಬೇರೆ ಇರಲಾರದು. ಸೆನ್ಸರ್ ಎಂದೂ ಹಾಳಾಗುವುದಿಲ್ಲ ಎಂದಲ್ಲ. ಆದರೆ ಎರಡೂ ಮಗ್ಗುಲಿನ ಕೋಡ್ ಒಟ್ಟಿಗೆ ಬಂದಿದ್ದರೆ, ಎರಡು ಸೆನ್ಸರ್‌ಗಳು ಮಾತಾಡಿಕೊಂಡು ಒಂದೇ ದಿನ ಕೆಟ್ಟವು ಎಂದು ನಂಬುವುದಕ್ಕಿಂತ, ಎರಡಕ್ಕೂ ಸೇರಿದ ಒಂದು ಜಾಗದಲ್ಲಿ ತೊಂದರೆ ಇದೆ ಎಂದುಕೊಳ್ಳುವುದು ವಾಸಿ.

ಆ ಜಾಗ ಹುಡುಕಲು ಬುದ್ಧಿವಂತ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವುದಿಲ್ಲ. ಮೊದಲು, ದೀಪ ಹೊತ್ತಿದ ಗಳಿಗೆಯಲ್ಲಿ ಗಾಡಿಯ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಎಂದು ಕಂಪ್ಯೂಟರ್ ಬರೆದಿಟ್ಟುಕೊಂಡದ್ದನ್ನು ಓದುತ್ತಾನೆ. ಆಮೇಲೆ ಎಂಜಿನ್ ಐಡಲಿಂಗಿನಲ್ಲಿ ಬಿಟ್ಟು ಟ್ರಿಮ್ ನೋಡುತ್ತಾನೆ. 2500 ಆರ್‌ಪಿಎಮ್‌ವರೆಗೆ ರೇಸ್ ಮಾಡಿ ಮತ್ತೆ ನೋಡುತ್ತಾನೆ. ಐಡಲಿಂಗಿನಲ್ಲಿ 25 ಇದ್ದದ್ದು ರೇಸ್ ಮಾಡಿದಾಗ 5ಕ್ಕೆ ಇಳಿದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆ ಎಂದರ್ಥ. ಐಡಲಿಂಗಿನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಎಳೆತ ಮಾತ್ರ ಜೋರು. ಸಣ್ಣ ಬಿರುಕೂ ದೊಡ್ಡ ಪಾಲು ಕಬಳಿಸುತ್ತದೆ. ರೇಸ್ ಮಾಡಿದಾಗ ಮುಂಬಾಗಿಲಿನಿಂದಲೇ ಅಷ್ಟು ಗಾಳಿ ಬರುವುದರಿಂದ ಬಿರುಕಿನದು ಲೆಕ್ಕಕ್ಕಿಲ್ಲದಷ್ಟಾಗುತ್ತದೆ. ತದ್ವಿರುದ್ಧವಾಗಿ, ನಿಂತಾಗ ಸರಿಯಿದ್ದು ಭಾರ ಹೇರಿಕೊಂಡು ಏರು ಹತ್ತುವಾಗ ಟ್ರಿಮ್ ಏರಿದರೆ, ಪೆಟ್ರೋಲ್ ಪಂಪಿಗೆ ಶಕ್ತಿ ಸಾಲದು, ಫಿಲ್ಟರ್ ಕಟ್ಟಿದೆ, ಇಲ್ಲವೇ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರಿನ ತಂತಿಗೆ ಕೊಳೆ ಕೂತಿದೆ. ಕಾದಿರುವ ಆ ಸಣ್ಣ ತಂತಿ ಗಾಳಿಗೆ ಎಷ್ಟು ತಣ್ಣಗಾಗುತ್ತದೆ ಎಂಬುದರ ಮೇಲೆ ಅಳತೆ ನಿಂತಿದೆ. ಏರ್ ಫಿಲ್ಟರಿಗೆ ಸವರಿದ ಎಣ್ಣೆ, ಧೂಳು ಅದಕ್ಕೆ ಹತ್ತಿದರೆ ಇದ್ದ ಗಾಳಿಯನ್ನು ಅದು ಕಡಿಮೆ ಎಂದೇ ವರದಿ ಮಾಡುತ್ತದೆ.

ಸಾವಿರಾರು ರೂಪಾಯಿಯ ಸಾಮಾನಿನ ಬದಲು ಎರಡು ನಿಮಿಷದ ನೋಟ. ನನಗೆ ಇಷ್ಟವಾಗುವುದು ಇದೇ. ‘ಏನು ಕೆಟ್ಟಿದೆ’ ಎಂದು ಕೇಳುವ ಮೊದಲು ‘ಯಾವಾಗ ಕೆಡುತ್ತದೆ’ ಎಂದು ಕೇಳುವ ತಾಳ್ಮೆ.

1990ರ ದಶಕದ ಕೊನೆಯ ಎಫ್-150 ಗಾಡಿಗಳನ್ನು ಬಲ್ಲ ಮೆಕ್ಯಾನಿಕ್ಕಿನ ಕೈ, ಎರಡೂ ಕೋಡ್ ಕಂಡ ಕೂಡಲೇ ಎಂಜಿನ್ನಿನ ಹಿಂಭಾಗಕ್ಕೆ ಹೋಗುತ್ತದೆ. ಕಣ್ಣಿಗೆ ಕಾಣದ ಮೂಲೆಯಲ್ಲಿ ಮೊಣಕೈಯಂತೆ ಬಾಗಿದ ಒಂದು ರಬ್ಬರ್ ಪೈಪ್. ಕ್ರ್ಯಾಂಕ್‌ಕೇಸಿನ ಎಣ್ಣೆ ಹಬೆ ಮತ್ತೆ ಎಂಜಿನ್ನಿಗೆ ಹೋಗುವ ದಾರಿ ಅದು. ವರ್ಷಗಟ್ಟಲೆ ಎಣ್ಣೆ ಕುಡಿದು, ಬಿಸಿಯಲ್ಲಿ ಬೆಂದು, ಹಿಚುಕಿದರೆ ಬೆರಳಿಗೆ ಮೆತ್ತಗೆ ಅಂಟಿಕೊಳ್ಳುವ ಹಾಗಾಗಿರುತ್ತದೆ. ತಿರುವಿನ ಒಳಮೈ ಕುಸಿದು ಬಾಯಿಬಿಟ್ಟಿರುತ್ತದೆ. ಸಂದೇಹವಿದ್ದರೆ ಹೊಗೆ ಯಂತ್ರ ತರುತ್ತಾರೆ. ಎಂಜಿನ್ ನಿಲ್ಲಿಸಿ, ಗಾಳಿ ಹೋಗುವ ದಾರಿಯಲ್ಲೇ ಬಿಳಿ ಹೊಗೆ ತುಂಬುತ್ತಾರೆ. ಅರೆಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಆ ಮೂಲೆಯಿಂದ ಊದುಬತ್ತಿಯದರಷ್ಟು ತೆಳ್ಳಗಿನ ಒಂದು ಎಳೆ ಮೇಲೇಳುತ್ತದೆ. ಕೆಲವೇ ಡಾಲರಿನ ರಬ್ಬರು. ಅದಕ್ಕಾಗಿ ಎಷ್ಟು ಆಕ್ಸಿಜನ್ ಸೆನ್ಸರ್‌ಗಳು ಬಲಿಯಾಗಿವೆಯೋ!

ನಮ್ಮಲ್ಲಿ ಇದಕ್ಕೊಂದು ಹೊಸ ತಿರುವಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20ಗೆ, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿಗೆ, ಚಾಲನೆ ಕೊಟ್ಟರು. ಎಥನಾಲ್ ತನ್ನೊಳಗೇ ಆಕ್ಸಿಜನ್ ಇಟ್ಟುಕೊಂಡು ಬರುವ ಇಂಧನ. ಅದರ ಒಂದು ಕಿಲೋಗೆ ಸುಮಾರು 9 ಕಿಲೋ ಗಾಳಿ ಸಾಕು. ಬರೀ ಪೆಟ್ರೋಲಿನ ಲೆಕ್ಕಕ್ಕೆ ಹೊಂದಿಸಿದ ಹಳೆಯ ಗಾಡಿಗೆ ಇ20 ಹಾಕಿದರೆ, ಬೇರೇನೂ ಕೆಡದಿದ್ದರೂ ಕಂಪ್ಯೂಟರ್ ಏಳೆಂಟು ಪರ್ಸೆಂಟ್ ಹೆಚ್ಚು ಸುರಿಯಬೇಕಾಗುತ್ತದೆ. ಡಬ್ಬಿಯ ದುಡ್ಡಿನಲ್ಲಿ ಮೂರನೇ ಒಂದು ಪಾಲು ಅಲ್ಲಿಗೇ ಹೋಯಿತು. ನಿನ್ನೆಯವರೆಗೆ ಮುಚ್ಚಿಹೋಗುತ್ತಿದ್ದ ಸಣ್ಣ ಬಿರುಕು ಇವತ್ತು ದೀಪ ಹೊತ್ತಿಸಬಹುದು. ಆಗ ‘ಎಲ್ಲಾ ಎಥನಾಲಿಂದ’ ಎಂದು ಬೈದು ಪೈಪ್ ನೋಡದೆ ಬಿಡುವುದೂ, ಎಥನಾಲ್ ಲೆಕ್ಕಕ್ಕೆ ತೆಗೆದುಕೊಳ್ಳದೆ ಸೆನ್ಸರ್ ಬದಲಿಸುವುದೂ ಒಂದೇ ಬಗೆಯ ಸೋಮಾರಿತನ.

ಕೋಡ್ ಅಳಿಸಿ ಕೈತೊಳೆದುಕೊಳ್ಳುವ ಚಾಳಿ ಮಾತ್ರ ಎಲ್ಲ ಕಡೆ ಇದ್ದದ್ದೇ. ನಮ್ಮ ಎಮಿಷನ್ ಟೆಸ್ಟಿನಲ್ಲಿ ಸೈಲೆನ್ಸರಿಗೆ ನಳಿಗೆ ತೂರಿಸಿ ಚೀಟಿ ಕೊಡುತ್ತಾರೆ, ಕಂಪ್ಯೂಟರಿನ ಮಾತು ಯಾರೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತಪಾಸಣೆಯವರು ಕಂಪ್ಯೂಟರನ್ನೇ ವಿಚಾರಿಸುತ್ತಾರೆ. ಹಿಂದಿನ ದಿನ ಕೋಡ್ ಅಳಿಸಿಕೊಂಡು ಹೋದರೆ, ಅದರ ಒಳಪರೀಕ್ಷೆಗಳು ಇನ್ನೂ ಮುಗಿದಿಲ್ಲ ಎಂಬುದು ಅಲ್ಲೇ ಕಾಣುತ್ತದೆ, ಗಾಡಿ ವಾಪಸ್. ಇತ್ತೀಚಿನ ಗಾಡಿಗಳಲ್ಲಿ ‘ಪರ್ಮನೆಂಟ್’ ಎಂಬ ಬಗೆಯ ಕೋಡ್ ಕೂಡ ಉಳಿದಿರುತ್ತದೆ. ಅದನ್ನು ಸ್ಕ್ಯಾನರಿನಿಂದ ಅಳಿಸಲು ಬರುವುದಿಲ್ಲ, ಬ್ಯಾಟರಿ ಬಿಚ್ಚಿದರೂ ಹೋಗುವುದಿಲ್ಲ. ಪೈಪ್ ಬದಲಿಸಿ ಗಾಡಿ ಓಡಿಸಬೇಕು. ತಾನೇ ಮತ್ತೆ ಪರೀಕ್ಷಿಸಿ, ಗಾಳಿಯ ಲೆಕ್ಕ ಸರಿಹೋಗಿದೆ ಎಂದು ಖಾತ್ರಿಯಾದ ಮೇಲೆ ಕಂಪ್ಯೂಟರೇ ಅದನ್ನು ಅಳಿಸುತ್ತದೆ.